ಕಂಬಿ ಕಿತ್ತವರು

ಹಗಲು ಹೊತ್ತು ಮಲಗುವವನಿಗೆ ಈ ಲೋಕದಲ್ಲಿ ಮರ್ಯಾದೆಯಿಲ್ಲ. ರಾತ್ರಿ ಮಲಗಿದವನ ಬಾಗಿಲನ್ನು ಕಳ್ಳನೂ ಮೆಲ್ಲಗೆ ತಳ್ಳುತ್ತಾನೆ. ಹಗಲು ಮಲಗಿದವನ ಬಾಗಿಲನ್ನು ಗ್ಯಾಸಿನವನು, ಕೊರಿಯರಿನವನು, ಚಂದಾ ಕೇಳುವವರು ಎಲ್ಲರೂ ಹಕ್ಕಿನಿಂದ ಗುದ್ದುತ್ತಾರೆ. ನಾನಿರುವುದು ಗಣಪತಿಯಲ್ಲಿ. ಗಣಪತಿ ಎಂದರೆ ದೇವರಲ್ಲ, ಕೊಯಮತ್ತೂರಿನ ಒಂದು ಬಡಾವಣೆ. ಅಲ್ಲಿನ ಪಂಪು ಕಾರ್ಖಾನೆಯೊಂದರಲ್ಲಿ ನಾನು ರಾತ್ರಿ ಪಾಳಿಯವನು. ತಯಾರಾದ ಮೋಟಾರನ್ನು ಓಡಿಸಿ, ಕಿವಿಗೊಟ್ಟು ಕೇಳಿ, ಇದು ಸರಿಯಿದೆ, ಇದರ ಬೇರಿಂಗ್ ಹೋಗಿದೆ ಎಂದು ಹೇಳುವುದೇ ನನ್ನ ಉದ್ಯೋಗ. ಚಿತ್ರದುರ್ಗದಿಂದ ಇಷ್ಟು ದೂರ ಬಂದು ನಾನು ಸಂಪಾದಿಸಿದ್ದು ಎರಡೇ: ಈ ಕಿವಿ, ಮತ್ತು ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುವ ನಿದ್ದೆ. ಮೊದಲನೆಯದು ಎರಡನೆಯದಕ್ಕೆ ಶತ್ರುವಾದೀತು ಎಂದು ಯಾರಿಗೆ ಗೊತ್ತಿತ್ತು!

ಈ ಮೇ ತಿಂಗಳಲ್ಲಿ ನನ್ನ ಹೆಂಡತಿ ಸುಮ ನಮ್ಮ ಹಾಲಿನಲ್ಲಿ ಮಕ್ಕಳ ಪಿಟೀಲು ಶಿಬಿರ ತೆರೆದಳು. ಹತ್ತು ಹನ್ನೆರಡು ಮಕ್ಕಳು, ಅಷ್ಟೇ ಪಿಟೀಲು. ಕಲಿಯುವವರ ಪಿಟೀಲು ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಅರೆನಿದ್ದೆಯಲ್ಲಿ ನಾನು ಎಷ್ಟೋ ಸಲ "ಬೇರಿಂಗ್ ಹೋಗಿದೆ, ವಾಪಸ್ ಕಳಿಸಿ!" ಎಂದು ಕೂಗಿದ್ದೇನಂತೆ. ಪಕ್ಕದ ಲೇತ್ ವರ್ಕ್‌ಶಾಪಿನ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತದೆ. ಸುಮ ಅದನ್ನೇ ತಂಬೂರಿ ಮಾಡಿಕೊಂಡು ಮಕ್ಕಳಿಂದ ಶ್ರುತಿ ಹಿಡಿಸುತ್ತಿದ್ದಳು. ಕರೆಂಟು ಹೋದರೆ ಲೇತೂ ನಿಲ್ಲುತ್ತಿತ್ತು, ಮಕ್ಕಳ ಶ್ರುತಿಯೂ ದಿಕ್ಕಾಪಾಲಾಗುತ್ತಿತ್ತು, ನನ್ನ ಫ್ಯಾನೂ ನಿಲ್ಲುತ್ತಿತ್ತು.

ನಮ್ಮ ವಂಶಕ್ಕೂ ತಂತಿಗೂ ಮೊದಲಿನಿಂದ ಆಗಿಬರುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ತಂತಿ ಎಂದರೆ ಟೆಲಿಗ್ರಾಂ, ಟೆಲಿಗ್ರಾಂ ಎಂದರೆ ಸಾವು. ಅಂಚೆಯವನು ಬಾಗಿಲಲ್ಲಿ "ತಂತಿ" ಎಂದದ್ದೇ ತಡ, ಅಜ್ಜಿ ಸೆರಗನ್ನು ಬಾಯಿಗಿಟ್ಟು ಅಳಲು ಕೂರುತ್ತಿದ್ದಳು. ಒಮ್ಮೆ ಹೊಟ್ಟೆ ತುಂಬ ಅತ್ತ ಮೇಲೆ ತಿಳಿಯಿತು, ಅದು ಚಿಕ್ಕಪ್ಪನಿಗೆ ಕೆಲಸ ಸಿಕ್ಕ ಸುದ್ದಿ. ಅಯ್ಯೋ, ಅತ್ತದ್ದೆಲ್ಲ ದಂಡವಾಯಿತಲ್ಲ ಎಂದು ಮತ್ತೆ ಅತ್ತಳಂತೆ.

ಇರಲಿ. ಶಿಬಿರದ ಕೊನೆಗೆ, ಭಾನುವಾರ ಸಂಜೆ, ಪಕ್ಕದ ಬೀದಿಯ ಕಲ್ಯಾಣಮಂಟಪದಲ್ಲಿ ಮಕ್ಕಳ ಕಚೇರಿ ಎಂದು ಗೊತ್ತಾಯಿತು. ಅದು ಗೆದ್ದರೆ ಜೂನಿನಿಂದ ವರ್ಷಪೂರ್ತಿ ತರಗತಿ, ಸೋತರೆ ಸುಮಳ ಪಿಟೀಲು ಮತ್ತೆ ಬೀರುವಿನ ಮೇಲೆ. ಮದುವೆಯಾದಾಗಿನಿಂದ ಅದು ಅಲ್ಲೇ ಧೂಳು ತಿನ್ನುತ್ತಿತ್ತು. ಈ ತಿಂಗಳು ಅವಳು ಅಡುಗೆಮನೆಯಲ್ಲೂ ಗುನುಗುತ್ತಿದ್ದುದನ್ನು ಕಂಡು ನನಗೆ ಸಂತೋಷವೇ ಆಗಿತ್ತು, ಸುಳ್ಳೇಕೆ ಹೇಳಲಿ. ಆದರೆ "ವರ್ಷಪೂರ್ತಿ" ಎಂಬ ಮಾತು ಕೇಳಿದಾಗ ನನ್ನ ಕಣ್ಣುರೆಪ್ಪೆಗಳು ತಾವಾಗಿಯೇ ಅದುರಿದವು.

ಆ ಕಚೇರಿಯಲ್ಲಿ ಮೊದಲ ಕಮಾನು ಎಳೆಯಬೇಕಾದವಳು ಯಾಳಿನಿ. ಯಾಳ್ ಎಂದರೆ ಹಳೆಯ ತಮಿಳು ತಂತಿವಾದ್ಯವಂತೆ, ಹೆಸರಿಡುವಾಗಲೇ ನನ್ನ ಮೇಲೆ ಸಂಚು ನಡೆದಿತ್ತು. ಹತ್ತು ವರ್ಷದ ಚೂಟಿ ಹುಡುಗಿ, ತಾಳ ತಪ್ಪದ ಒಬ್ಬಳೇ ಶಿಷ್ಯೆ. ಎರಡು ಬೀದಿಯಾಚೆ ತನ್ನ ಅಜ್ಜಿ ಸೌಡಮ್ಮನವರ ಮನೆಯಲ್ಲಿದ್ದಾಳೆ, ಅವರನ್ನು "ಅವ್ವ" ಎನ್ನುತ್ತಾಳೆ. ತಲೆತಲಾಂತರದಿಂದ ಇಲ್ಲೇ ಮಗ್ಗ ನೇಯ್ದ ಕನ್ನಡದ ಮನೆತನ ಅವರದು. ಕನ್ನಡ ಓದಲು ಬಾರದು, ಆದರೆ ಮನೆಯೊಳಗೆ ಅದೇ ಮಾತು, ತಮಿಳಿನ ರಾಗದಲ್ಲಿ. ಅವರದನ್ನು ಕೇಳಿ ನಾನು ನಗುತ್ತಿದ್ದೆ, ನನ್ನದನ್ನು ಕೇಳಿ ಅವರು ನಗುತ್ತಿದ್ದರು. ಮೊಮ್ಮಗಳ ಕಚೇರಿ ನೋಡಲು ಅನ್ನೂರಿನಿಂದ ನೆಂಟರೆಲ್ಲ ಟೌನ್ ಬಸ್ಸಿನಲ್ಲಿ ಬರುವವರಿದ್ದರು. ಸೌಡಮ್ಮ ಬೀದಿಯವರಿಗೆಲ್ಲ ಅದನ್ನು ಹೇಳಿಯಾಗಿತ್ತು.

ಈ ಯಾಳಿನಿಗೆ ಒಂದು ಕೆಟ್ಟ ಚಟ. ಎಲ್ಲರಿಗಿಂತ ಮೊದಲೇ ಬಂದು, ನನ್ನ ಮಲಗುವ ಕೋಣೆಯ ಕಿಟಕಿಯ ಕೆಳಗೇ ಕೂತು ಸಾಧನೆ ಮಾಡುವುದು. ಅಲ್ಲಿ ನೆರಳಿತ್ತಂತೆ. ಶನಿವಾರ ಬೆಳಿಗ್ಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಕಿಟಕಿಗೆ ತಲೆಯಿಟ್ಟು, ತಮಾಷೆಯ ದನಿಯಲ್ಲೇ, "ಈ ಸೆಕೆಯಲ್ಲಿ ಯಾಕಮ್ಮ ಇಷ್ಟು ಒದ್ದಾಡ್ತೀಯ? ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಯಾವತ್ತೋ ಕಂಬಿ ಕೀಳ್ತಿದ್ದೆ" ಎಂದೆ.

ಅವಳು ಪಿಟೀಲನ್ನೂ ನನ್ನನ್ನೂ ನೋಡಿದಳು. "ನೆಜವಾಗ್ಲೂವಾ ಸಾರ್?"

"ಮತ್ತೆ? ನೀನೂ ಕಿತ್ತುಬಿಡು."

"ಒಂದಾ, ನಾಕೂವಾ?"

ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಅವಳೂ ಸೇರಿ ನಾಲ್ವರು. ಪಾಪ, ಗೆಳತಿಯರನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎಂದುಕೊಂಡೆ. ವ್ಯಾಕರಣ ಸ್ವಲ್ಪ ಹೆಚ್ಚುಕಡಿಮೆಯಾದರೇನು, ಅವರ ಕನ್ನಡವೇ ಹಾಗೆ! "ನಾಲ್ಕೂ ಹೋದ್ರೆ ಪರಮಸುಖ" ಎಂದು ಹೇಳಿ ಮುಸುಕೆಳೆದೆ. ಅಂಥ ನಿದ್ದೆ ಆ ತಿಂಗಳಲ್ಲಿ ಬಂದಿರಲಿಲ್ಲ.

ಮಧ್ಯಾಹ್ನ ಎಬ್ಬಿಸಿದ್ದು ಫೋನು. ಸುಮ ಮೈಕಿನವನ ಜೊತೆ ಮಾತಾಡಲು ಮಂಟಪಕ್ಕೆ ಹೋಗಿದ್ದಳು. ಆ ಕಡೆ ಸೌಡಮ್ಮ.

"ಸಾರ್, ನಮ್ ಪಾಪ ಕಂಬಿ ಕಿತ್ಬುಟ್ಳು. ನೀವೇ ಕೀಳು ಅಂದ್ರಂತೆ?"

"ಅಯ್ಯೋ! ಅವಳೊಬ್ಬಳೇನಾ?"

"ಒಂದಲ್ಲ ಸಾರ್, ನಾಕೂವೆ! ನಾಳಿಕ್ಕೆ ಅನ್ನೂರಿಂದ ಎಲ್ಲಾರೂ ಬತ್ತಾರೆ, ನಾನ್ ಏನಂತ ಸೊಲ್ಲೋದು?"

ನಾಲ್ಕು ಮಕ್ಕಳು! ಹೇಳಿಕೊಟ್ಟವನು ನಾನು! "ನೀವು ಹೆದರಬೇಡಿ ಅಮ್ಮ, ಹುಡುಕಿಕೊಂಡು ಬಂದೇ ಬರ್ತೀನಿ" ಎಂದೆ.

"ಸರಿಂಗ ಸಾರ್. ಅವಸರ ಇಲ್ಲೆ, ಊಟ ಮಾಡ್ಕೊಂಡೇ ಹೋಗಿ."

ಮೊಮ್ಮಗಳು ಓಡಿಹೋದಾಗ ಇಷ್ಟು ನೆಮ್ಮದಿಯಿಂದ ಊಟದ ಮಾತಾಡುವ ಅಜ್ಜಿಯನ್ನು ನಾನು ಕಂಡಿರಲಿಲ್ಲ. ದೊಡ್ಡ ಜೀವ ಎಂದುಕೊಂಡು, ಉಟ್ಟ ಲುಂಗಿಯಲ್ಲೇ ಬಸ್ ಸ್ಟಾಪಿಗೆ ಓಡಿದೆ. ಅನ್ನೂರಿನ ಹೆಸರು ಕಿವಿಯಲ್ಲೇ ಇತ್ತಲ್ಲ, ನೆಂಟರ ಮನೆಗೇ ಹೋಗಿರಬೇಕು ಎಂದು ಆ ಕಡೆಯ ಬಸ್ಸು ಹತ್ತಿ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದೆ. ಕಂಡಕ್ಟರಿಗೆ ನನ್ನ ಹರುಕು ತಮಿಳಿನಲ್ಲಿ, ಪಿಟೀಲು ಪೆಟ್ಟಿಗೆ ಹಿಡಿದ ನಾಲ್ಕು ಹೆಣ್ಣುಮಕ್ಕಳು ಹತ್ತಿದರಾ ಎಂದು ಕೇಳಿದೆ. ಆತ ನನ್ನ ಲುಂಗಿಯನ್ನೂ ಕೆದರಿದ ತಲೆಯನ್ನೂ ನೋಡಿ, "ಮೊದಲ್ಲ ನೀಂಗ ಎರಂಗುಂಗ" ಎಂದು ಮರ್ಯಾದೆಯಿಂದಲೇ ಇಳಿಸಿದ. ಬಿಸಿಲು ನೆತ್ತಿ ಸುಡುತ್ತಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಅಳುವೇ ಬಂತು. ಆ ಮಗುವಿಗೇನಾದರೂ ಆದರೆ? ಸುಮಳ ಮುಖ ಹೇಗೆ ನೋಡಲಿ? ಒಂದು ನಿದ್ದೆಯ ಆಸೆಗೆ ಎಂಥ ಕೆಲಸ ಮಾಡಿದೆಯೋ ಮುಠ್ಠಾಳ ಎಂದು ಬೈದುಕೊಳ್ಳುತ್ತ, ಕಾಲಿಗೆ ಬೀಳುವುದೊಂದೇ ದಾರಿ ಎಂದು ಸೌಡಮ್ಮನ ಮನೆಗೆ ಹೋದೆ.

ಜಗಲಿಯ ಮೇಲೆ ಯಾಳಿನಿ ಮಾವಿನ ಗೊರಟೆ ಚೀಪುತ್ತ ಕೂತಿದ್ದಳು! ಪಕ್ಕದಲ್ಲಿ ಅವಳ ಪಿಟೀಲು, ನಾಲ್ಕು ತಂತಿಯೂ ಇಲ್ಲದೆ ಬೋಳಾಗಿ. ತಂತಿ ಹೋದ ಮೇಲೆ, ಅವನ್ನು ಎತ್ತಿ ಹಿಡಿಯುವ ಕುದುರೆ ಎಂಬ ಮರದ ತುಂಡೂ ಕಳಚಿ ಬಿದ್ದಿತ್ತು.

"ಇಲ್ಲೇ ಇದ್ದೀಯಲ್ಲೇ! ಓಡಿಹೋಗಲಿಲ್ವಾ?"

"ಯಾಕ್ ಸಾರ್ ಓಡೋಗ್ಬೇಕು?" ಅವಳಿಗೆ ನಿಜಕ್ಕೂ ಆಶ್ಚರ್ಯ. "ಸದ್ದು ಕೇಳೇ ಮೋಟಾರ್‌ನಾಗೆ ಏನು ಕೆಟ್ಟೈತೆ ಅಂತ ಸಾರ್ ಸೊಲ್ತಾರೆ ಅಂತ ಟೀಚರ್ ಅಂದಿದ್ರು. ನೀವು ಕೀಳು ಅಂದ್ರಿ, ಕಂಬಿ ಕೆಟ್ಟೋಗೈತೆ ಅಂತ ಕಿತ್ಬುಟ್ಟೆ."

ತಮಿಳಿನವರಂತೆ ಅವರಿಗೂ ತಂತಿ ಎಂದರೆ ಕಂಬಿ ಎಂದು ನನಗೆ ಹೊಳೆದದ್ದು ಆಗ. ನಮ್ಮ ಕಡೆ ಕಂಬಿ ಕೀಳುವುದು ಎಂದರೆ ಪರಾರಿಯಾಗುವುದು ಎಂದು ವಿವರಿಸಿದೆ. ಸೌಡಮ್ಮ ಕಂಬ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಸಾಮಿ! ಓಡೋದ್ರೆ ನಾವು ಕಂಬಿ ನೀಟ್ದ ಅಂಬೋದು. ನಾವು ನೀಟೋದ್ನ ನೀವು ಕೀಳ್ತೀರಾ?" ತಮಿಳಿನಲ್ಲಿ ನೀಟುವುದು ಎಂದರೆ ಚಾಚುವುದು, ಎಳೆದು ಉದ್ದ ಮಾಡುವುದು. ಮತ್ತೆ ನಾನು ಹುಡುಕಲು ಹೋಗಿದ್ದು ಏನನ್ನು ಎಂದುಕೊಂಡಿರಿ ಎಂದು ಕೇಳಿದೆ. "ಹೊಸ ಕಂಬೀನ" ಎಂದರು.

ಸುಮ ಬರುವ ಮೊದಲೇ ಎಲ್ಲ ಸರಿಮಾಡಬೇಕಿತ್ತು. ಅಜ್ಜಿಯನ್ನೂ ಮೊಮ್ಮಗಳನ್ನೂ ಬೋಳು ಪಿಟೀಲನ್ನೂ ಮನೆಗೆ ಕರೆತಂದು, ಬೀರುವಿನಿಂದ ಸುಮ ಜೋಪಾನವಾಗಿಟ್ಟಿದ್ದ ಒಂದೇ ಒಂದು ಹೊಸ ಸೆಟ್ಟು ತೆಗೆದೆ. ಸಾವಿರಾರು ಮೋಟಾರು ಕಂಡವನಿಗೆ ಇದೇನು ಮಹಾ! ಮೂರು ತಂತಿ ಹೇಗೋ ಕೂತವು. ಕೊನೆಯದು ಎಲ್ಲಕ್ಕಿಂತ ಸಣ್ಣದು. ಬಿರಡೆ ತಿರುಗಿಸಿದೆ. "ಸಾಕು ಸಾರ್" ಎಂದಳು ಯಾಳಿನಿ. ಇನ್ನೂ ಸ್ವಲ್ಪ ಎಂದೆ. "ಸಾರ್, ಸಾಕು!" ನೀನು ಸುಮ್ಮನಿರು ಎಂದೆ. ಟಣ್!

ತುಂಡಾದ ತಂತಿ ನನ್ನ ಮೂಗಿನ ತುದಿಗೆ ಬಾರಿಸಿತು. ಮಗ್ಗದವರಾದ ಸೌಡಮ್ಮ, "ನೂಲಾದ್ರೆ ಗಂಟಾಕ್ಬೋದು. ಇದ್ಕೆ ಆಗಾದಿಲ್ವಾ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಗೇಟಿನಲ್ಲಿ ಸುಮಳ ಸ್ಕೂಟರ್ ಸದ್ದು. ಆ ಸದ್ದಿನಲ್ಲಿ ಬೇರಿಂಗು ಚೆನ್ನಾಗಿಯೇ ಇತ್ತು. ನಾನು ಹಿಂಬಾಗಿಲಿನಿಂದ, ಪಾಳಿಗೆ ಇನ್ನೂ ಎಷ್ಟೋ ಹೊತ್ತಿದ್ದರೂ, ಕಾರ್ಖಾನೆಯ ದಾರಿ ಹಿಡಿದೆ. ಅಂದು ಇಬ್ಬರು ಮಾಡಬೇಕಾದ ಕೆಲಸ ಒಬ್ಬನೇ ಮಾಡಿದೆನೆಂದು ಮೇಸ್ತ್ರಿ ಹೊಗಳಿದ.

ಭಾನುವಾರ ಸಂಜೆ ಮಂಟಪದಲ್ಲಿ, ಊದಿದ ಮೂಗಿನೊಡನೆ, ಚಪ್ಪಲಿಗಳ ಹತ್ತಿರದ ಕಂಬದ ಮರೆಯಲ್ಲಿ ನಿಂತೆ. ಅನ್ನೂರಿನವರು ಮುಂದಿನ ಸಾಲನ್ನೆಲ್ಲ ಹಿಡಿದಿದ್ದರು. ಯಾಳಿನಿಯ ತೊಡೆಯ ಮೇಲಿದ್ದದ್ದು ಸುಮಳ ಸ್ವಂತ ಪಿಟೀಲು. ಅವಳಿಗೆ ಅದು ಕೊಂಚ ದೊಡ್ಡದು. ಮೊದಲ ಕಮಾನು ಎಳೆದಳು. ಅಬ್ಬಾ, ಎಷ್ಟು ಚೆನ್ನಾಗಿ ನುಡಿಸಿಬಿಟ್ಟಳು ಹುಡುಗಿ! ಹಿಂದೆ ಕೂತಿದ್ದ ಸುಮಳ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಮುಖ ಅರಳಿತ್ತು. ನನ್ನ ನಿದ್ದೆ ಹಾಳಾಗಿ ಹೋಗಲಿ ಎಂದು ಆ ಕ್ಷಣಕ್ಕೆ ಮನಸಾರೆ ಅಂದುಕೊಂಡೆ. ಚಪ್ಪಾಳೆಯ ನಡುವೆ ನೆಂಟರಲ್ಲಿ ಯಾರೋ, ಟೀಚರಮ್ಮನ ಯಜಮಾನರು ಕಾಣಲಿಲ್ಲವಲ್ಲ ಎಂದರು. ಸೌಡಮ್ಮ ಮೈಕು ಬೇಕಿಲ್ಲದ ದನಿಯಲ್ಲಿ ಹೇಳಿದರು: "ಅವ್ರಾ? ಮೊದ್ಲು ಕಂಬಿ ನೀಟುದ್ರು, ಆಮ್ಯಾಕೆ ಕಂಬಿ ಕಿತ್ರು!"

ಯೋಚಿಸಿ ನೋಡಿದೆ. ಅವರ ಕನ್ನಡದಲ್ಲೂ ನಿಜ, ನನ್ನ ಕನ್ನಡದಲ್ಲೂ ನಿಜ.

ಈಗ ವರ್ಷಪೂರ್ತಿ ತರಗತಿ ನಡೆದಿದೆ. ಮಕ್ಕಳ ಸಂಖ್ಯೆ ಎರಡರಷ್ಟಾಗಿದೆ. ಯಾಳಿನಿ ಇವತ್ತಿಗೂ ಎಲ್ಲರಿಗಿಂತ ಮೊದಲೇ ಬಂದು ಅದೇ ಕಿಟಕಿಯ ಕೆಳಗೆ ಕೂರುತ್ತಾಳೆ. ಕಮಾನು ಎತ್ತುವ ಮೊದಲು ಸರಳಿಗೆ ಮುಖವಿಟ್ಟು, ಬಹಳ ವಿನಯದಿಂದ ಕೇಳುತ್ತಾಳೆ: "ಸಾರ್, ಇವತ್ತು ಏನಾರ ಕೀಳ್ಬೇಕಾ?" ನಾನು ಗೊರಕೆ ಹೊಡೆಯುವವನಂತೆ ನಟಿಸುತ್ತೇನೆ. "ಅವ್ವಾ, ಸಾರ್ ಗೊರಕೇಲಿ ಶ್ರುತಿ ಸರಿಯಿಲ್ಲೆ" ಎಂದು ಅವಳು, ಬಿಡಲು ಬಂದ ಸೌಡಮ್ಮ ನಿಂತಿರುವ ಗೇಟಿನ ಕಡೆ ಕೂಗುತ್ತಾಳೆ.