ಚಿದಾನಂದಣ್ಣನ ರಾಜೀನಾಮೆ

ಇದು ನಡೆದದ್ದೇ. ಸುಳ್ಳಾದರೆ ನನ್ನ ಮೊಬೈಲು ಬಾವಿಗೆ ಬೀಳಲಿ.

ಅಳದಂಗಡಿ ಪೇಟೆಯಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತುವ ಚಿದಾನಂದ, ಊರಿನ ವಾಟ್ಸಾಪ್ ಗುಂಪಿಗೆ ಆರು ವರ್ಷದಿಂದ ಅಡ್ಮಿನ್. ತಂತಿ ಸುತ್ತುವಾಗ ಸುತ್ತು ಎಣಿಸಬೇಕು. ಐವತ್ತೆಂಟಕ್ಕೆ ಬರುವಾಗ ಫೋನು 'ಟಿಂಗ್' ಎನ್ನುತ್ತಿತ್ತು. ಲೆಕ್ಕ ತಪ್ಪುತ್ತಿತ್ತು. ಬಿಚ್ಚಿ ಮತ್ತೆ ಒಂದರಿಂದ. ಗುರುವಪ್ಪನ ಮೋಟರು ಮೂರು ವಾರದಿಂದ ಹೊಟ್ಟೆ ತೆರೆದುಕೊಂಡು ಮೇಜಿನ ಮೇಲೆ ಮಲಗಿತ್ತು.

ಆ ದಿನ ಬೆಳಿಗ್ಗೆಯೇ ಶೇಷಪ್ಪ ಬಂದ. "ಎಂಥ ಚಿದಾನಂದಣ್ಣ, ನಮ್ಮ ರಕ್ತದಾನ ಶಿಬಿರದ ಪ್ರಕಟಣೆ ಎಲ್ಲಿ ಹೋಯ್ತು? ಬಂದದ್ದು ಡಾಕ್ಟ್ರು ಮಾತ್ರ!"

ಪ್ರಕಟಣೆ ಇತ್ತು. ರಕ್ತ ಕೊಡುವ ಮೊದಲು ಬಂಗುಡೆ ಮೀನು ತಿನ್ನಬಹುದೋ ಬಾರದೋ ಎಂಬ ನೂರ ಹದಿಮೂರು ಮೆಸೇಜಿನಡಿ, ಗಂಜಿಯ ತಳ ಸೇರಿದ ಉಪ್ಪಿನಕಾಯಿ ಮಿಡಿಯಂತೆ ಮುಳುಗಿತ್ತು.

ಚಿದಾನಂದ ಗುಂಪನ್ನು ಎರಡು ಮಾಡಿದ. 'ಪ್ರಕಟಣೆ'ಯಲ್ಲಿ ಅವನೊಬ್ಬನೇ ಬರೆಯುವುದು. 'ಪಟ್ಟಾಂಗ'ದಲ್ಲಿ ಉಳಿದವರು ಬೇಕಾದಷ್ಟು ಹರಟುವುದು.

ಅರ್ಧ ಗಂಟೆಯಲ್ಲಿ ಫೋನು ಬರತೊಡಗಿತು.

"ನನ್ನ ದನ ಕಾಣುದಿಲ್ಲ," ಎಂದ ಚಿನ್ನಯ್ಯ. "ಅದು ಪ್ರಕಟಣೆಯಾ, ಪಟ್ಟಾಂಗವಾ?"

"ಸಿಗುವವರೆಗೆ ಪ್ರಕಟಣೆ. ಸಿಕ್ಕಿದ ಮೇಲೆ ಪಟ್ಟಾಂಗ."

"ಈಗ ಸಿಕ್ತು. ಆದ್ರೂ ಒಮ್ಮೆ ಹಾಕಿ ಮಾರಾಯ್ರೆ!"

ಹನ್ನೊಂದಕ್ಕೆ ಚಿದಾನಂದ ಸೋತ. ಕೊನೆಯ ಪ್ರಕಟಣೆ ಬರೆದ: 'ನನಗಿನ್ನು ಆಗುವುದಿಲ್ಲ. ಸಂಜೆ ಐದಕ್ಕೆ ಭಜನಾ ಮಂದಿರದಲ್ಲಿ ಸಭೆ. ಹೊಸ ಅಡ್ಮಿನ್ ಆರಿಸುವ.' ಫೋನು ಬಂದ್ ಮಾಡಿ ಮೋಟರಿನೆದುರು ಕುಳಿತ. ಎಷ್ಟೋ ಕಾಲದ ಮೇಲೆ ಎಣಿಕೆ ಅರುವತ್ತು ದಾಟಿತು!

ಐದಕ್ಕೆ ಮಂದಿರದಲ್ಲಿ ಸೇಸಮ್ಮ ಒಬ್ಬರೇ ಕಸ ಗುಡಿಸುತ್ತಿದ್ದರು.

"ಸಭೆಗೆ ಯಾರೂ ಬರ್ಲಿಲ್ವಾ ಸೇಸಕ್ಕ?"

"ಸಭೆಯಾ? ಅದು ಎರಡು ಗಂಟೆಗೇ ಮುಗ್ದಿದೆ."

"ಎಲ್ಲಿ?"

"ಪಟ್ಟಾಂಗದಲ್ಲಿ. ನಾನೂ ಕೈ ಎತ್ತಿದ್ದೇನೆ." ಸೇಸಮ್ಮ ಸೊಂಟದಿಂದ ಮೊಬೈಲು ತೆಗೆದು ತೋರಿಸಿದರು.

ಇನ್ನೂರ ಹದಿನಾಲ್ಕು ಮೆಸೇಜು. ತೀರ್ಮಾನ ಇಷ್ಟು: ಚಿದಾನಂದಣ್ಣನ ಫೋನು ಬಂದ್ ಉಂಟು, ಹಾಗಾಗಿ ಅವರದ್ದು ಆಕ್ಷೇಪ ಇಲ್ಲ. ಅವರ ಜೀವ ಇರುವವರೆಗೆ ಎರಡೂ ಗುಂಪಿಗೆ ಅವರೇ ಅಡ್ಮಿನ್. ಭಾನುವಾರ ಶಾಲು ಹೊದಿಸಿ ಸನ್ಮಾನ. ಅದಕ್ಕೆ 'ಸನ್ಮಾನ ಸಮಿತಿ' ಅಂತ ಮೂರನೇ ಗುಂಪು. ಅಡ್ಮಿನ್, ಅದಕ್ಕೂ ಅವರೇ.

ಅಂಗಡಿಯಲ್ಲಿ ಗುರುವಪ್ಪ ಕಾಯುತ್ತಿದ್ದ. "ಮೋಟರು ಆಯ್ತಾ?"

ಚಿದಾನಂದ ಫೋನು ಆನ್ ಮಾಡಿದ. ಟಿಂಗ್. ಟಿಂಗ್. ಟಿಂಗ್. ಎಷ್ಟನೇ ಸುತ್ತಿಗೆ ನಿಲ್ಲಿಸಿದ್ದೆನೆಂದು ಒಂದು ಗಳಿಗೆ ಯೋಚಿಸಿದ. ಮತ್ತೆ ತಂತಿ ಬಿಚ್ಚತೊಡಗಿದ.

ನಂಬಿಕೆ ಬರ್ಲಿಲ್ವಾ? ನಿಮ್ಮ ನಂಬರ್ ಇಲ್ಲಿ ಕೊಡಿ, ಮೂರೂ ಗುಂಪಿಗೆ ಸೇರಿಸುವ. ನಾಳೆ ಎರಡು ಗಂಟೆಗೆ ಒಂದು ಸಣ್ಣ ಸಭೆ ಉಂಟು. ನೀವು ಬರುದು ಬೇಡ, ಫೋನು ಬಂದ್ ಇಟ್ಟರೆ ಸಾಕು.