ತುರೋನ್ ಎಂಬ ಫಲಾಹಾರ

"ಇನ್ನು ಸಕ್ಕರೆ ನನ್ನ ನಾಲಿಗೆಯನ್ನು ಮುಟ್ಟಿದರೆ ಕೇಳಿ!"

ಅಮೆರಿಕದ ಆಲ್ಫರೆಟಾ ಊರಿನ ಕನ್ನಡ ಕೂಟದ ಯುಗಾದಿ ಊಟದಲ್ಲಿ, ಹೋಳಿಗೆಯ ತಟ್ಟೆಯನ್ನು ಆಚೆ ಸರಿಸಿ ಕೇಶವಮೂರ್ತಿಗಳು ಹೀಗೆ ಘೋಷಿಸಿದಾಗ ಅರ್ಧ ಊರೇ ಚಪ್ಪಾಳೆ ತಟ್ಟಿತು. ಅವರ ಹೆಂಡತಿ ರಾಜಲಕ್ಷ್ಮಿ ತಟ್ಟಲಿಲ್ಲ. ಮರುದಿನವೇ ಗಂಡನ ತೋಳಿಗೆ ಬಿಲ್ಲೆಯಂಥ ಶುಗರ್ ಸೆನ್ಸರ್ ಅಂಟಿಸಿ, ಅದರ ವರದಿ ತಮ್ಮ ಫೋನಿಗೂ ಬರುವಂತೆ ಮಾಡಿಕೊಂಡರು.

ಮೊದಲ ಶನಿವಾರವೇ ಗಂಡಾಂತರ ಕಾದಿತ್ತು. ಕರಿಬೇವು ತರಲು ಹತ್ತಿರದ ಲಾರೆನ್ಸ್‌ವಿಲ್ ಊರಿನ ಅಂಗಡಿಗೆ ಹೋದ ಮೂರ್ತಿಗಳ ಮೂಗಿಗೆ ಪಾರ್ಕಿಂಗ್ ಲಾಟಿನಲ್ಲೇ ಒಂದು ಪರಿಮಳ ಬಡಿಯಿತು. ಫಿಲಿಪೀನ್ಸಿನ ಆಂಟಿಯೊಬ್ಬರು ಡೇರೆ ಹಾಕಿ ತಮ್ಮೂರಿನ ಬೀದಿತಿಂಡಿ ತುರೋನ್ ಕರಿಯುತ್ತಿದ್ದರು. ಮಾಗಿದ ಬಾಳೆಹಣ್ಣು, ಜೊತೆಗಿಷ್ಟು ಹಲಸಿನ ತೊಳೆ. ಎರಡನ್ನೂ ತೆಳ್ಳನೆ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಎಣ್ಣೆಗೆ ಬಿಟ್ಟು ಕಂದು ಸಕ್ಕರೆ ಉದುರಿಸಿದರೆ, ಅದು ಕರಗಿ ಗಾಜಿನಂತೆ ಹೊಳೆಯುವ ಕವಚವಾಗುತ್ತಿತ್ತು.

ಮೂರ್ತಿಗಳು ಧರ್ಮಸೂಕ್ಷ್ಮಕ್ಕಿಳಿದರು. ಬಾಳೆ? ಹಣ್ಣು. ಹಲಸು? ಹಣ್ಣು. ಶನಿವಾರದ ಒಪ್ಪತ್ತಿನವನಿಗೆ ಹಣ್ಣು ನಿಷಿದ್ಧವೇ? ಉಪ್ಪಿಟ್ಟು, ಅವಲಕ್ಕಿಗಳೇ ಫಲಾಹಾರವೆಂದು ಹೊಟ್ಟೆ ಸೇರುವ ವಂಶದಲ್ಲಿ ಹುಟ್ಟಿದವರಿಗೆ, ಒಳಗೆ ನಿಜವಾಗಿಯೂ ಹಣ್ಣೇ ಇರುವ ಫಲಾಹಾರ ಸಿಕ್ಕಿದ್ದು ಇದೇ ಮೊದಲು!

ಕರುಂ! ಒಂದು ಮುಗಿಯಿತು. ಎರಡನೆಯದು ತಾನಾಗಿಯೇ ಬಾಯಿಗೆ ಬಂತು. ಮೂರನೆಯದರ ಮಧ್ಯೆ ಫೋನು ಬಡಿದುಕೊಂಡಿತು.

"ರೀ, ಶುಗರ್ ರಾಕೆಟ್ ತರ ಏರ್ತಿದೆ! ಏನ್ ತಿಂದ್ರಿ?"

"ನಾನಾ? ನೀನು ಕೊಟ್ಟ ಸೌತೆಕಾಯಿ ಅಷ್ಟೇ!"

ಬೈಗುಳಕ್ಕೆ ಸಿದ್ಧರಾಗಿದ್ದವರಿಗೆ ಕೇಳಿಸಿದ್ದು ನಡುಗುವ ದನಿ. "ಸೌತೆಕಾಯಿಗೆ ಇಷ್ಟು ಏರತ್ತಾ? ಒಳಗೇನೋ ಕೆಟ್ಟಿದೆ ಕಣ್ರೀ! ಡ್ರೈವ್ ಮಾಡ್ಬೇಡಿ, ಅಲ್ಲೇ ಇರಿ. ಡಾಕ್ಟ್ರನ್ನ ಕರ್ಕೊಂಡೇ ಬರ್ತೀನಿ!"

ಬಂದೇಬಿಟ್ಟರು, ಪಕ್ಕದ ಮನೆಯ ಡಾಕ್ಟರ್ ತ್ಯಾಗರಾಜರ ಸಮೇತ. ಅಷ್ಟರಲ್ಲಿ ಮೂರ್ತಿಗಳು ಡೇರೆ ಕಾಣದಷ್ಟು ದೂರ, ರಸ್ತೆಬದಿಗೆ ಬಂದು ನಿಂತಿದ್ದರು. ಡಾಕ್ಟರು ನಾಡಿ ಹಿಡಿದು ಕೇಳಿದರು: "ನಿಜ ಹೇಳಿ ಮೂರ್ತಿ, ಬೇರೇನೂ ತಿಂದಿಲ್ವಾ?"

"ದೇವರಾಣೆ, ಸೌತೆಕಾಯಿ!"

"ಹಾಗಿದ್ರೆ ನಡೀರಿ ಎಮರ್ಜೆನ್ಸಿಗೆ. ಡ್ರಿಪ್ ಹಾಕಿ, ಸ್ಕ್ಯಾನ್ ಮಾಡಿ, ಎಲ್ಲ ನೋಡ್ಲಿ."

ಡಾಕ್ಟರು ಕಾರು ಹೊರಡಿಸಿದರು. ಮುಂದಿನ ಸೀಟಿನಲ್ಲಿ ರಾಜಲಕ್ಷ್ಮಿ ಕೈ ಮುಗಿದುಕೊಂಡಿದ್ದರು. "ರಾಯರೇ, ನಾನೇ ಬೈದು ಬೈದು ಇವರನ್ನ ಹೀಗ್ ಮಾಡ್ದೆ. ಇವರೊಬ್ಬರು ನೆಟ್ಟಗಾದ್ರೆ ಸಾಕು, ಇನ್ಮೇಲೆ ಒಂದು ಮಾತೂ ಆಡಲ್ಲ."

ಎಂಥ ಸುವರ್ಣಾವಕಾಶ! ಸುಮ್ಮನಿದ್ದರೆ ಜೀವಮಾನವಿಡೀ ನೆಮ್ಮದಿ! ಆದರೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡಿತು. ಅಷ್ಟರಲ್ಲಿ ಎಮರ್ಜೆನ್ಸಿಯ ಕೆಂಪು ಬೋರ್ಡೂ ಕಂಡಿತು.

"ಲಕ್ಷ್ಮೀ... ಸೌತೆಕಾಯಲ್ಲ. ತುರೋನ್. ಬಾಳೆಹಣ್ಣಿಂದು, ಕರಿದದ್ದು, ಸಕ್ಕರೆ ಹಾಕಿದ್ದು. ಎರಡೂವರೆ."

ಡಾಕ್ಟರು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಮೂರ್ತಿಗಳು ಸಿಡಿಲಿಗಾಗಿ ತಲೆ ತಗ್ಗಿಸಿದರು.

"ಅಂದ್ರೆ... ತಿಂದ್ರಾ? ಬರೀ ತಿಂದಿದ್ದಾ?" ರಾಜಲಕ್ಷ್ಮಿ ಅಳುತ್ತಲೇ ನಗತೊಡಗಿದರು. "ಡಾಕ್ಟ್ರೇ, ಏನೂ ಕೆಟ್ಟಿಲ್ಲ! ತಿಂದಿದ್ದಾರಂತೆ! ಅಯ್ಯೋ ನನ್ನಪ್ಪಾ, ಹೋದ ಜೀವ ಬಂತು!"

"ಶುಗರ್ ಇಳೀತಾನೂ ಇದೆ," ಎಂದರು ಡಾಕ್ಟರು, ರಾಜಲಕ್ಷ್ಮಿಯ ಫೋನು ನೋಡಿ.

ತಮ್ಮ ತಿಂಡಿಪೋತತನಕ್ಕೆ ಇಂಥ ಸಂಭ್ರಮದ ಸ್ವಾಗತವನ್ನು ಮೂರ್ತಿಗಳು ಕಂಡೇ ಇರಲಿಲ್ಲ. ಹುರುಪೇರಿ, ಡೇರೆಯ ಆಂಟಿಯ ಕೈಚಳಕ, ಆ ಸಕ್ಕರೆ ಹಲ್ಲಿಗೆ ಸಿಕ್ಕು ಮುರಿಯುವ ಸದ್ದು, ಒಳಗಿನ ಬಾಳೆಯ ಬಿಸಿಬಿಸಿ ಮೆದುತನ, ನಡುವೆ ಸುಳಿಯುವ ಹಲಸಿನ ಘಮ, ಎಲ್ಲವನ್ನೂ ಕೀರ್ತನೆಯಂತೆ ವರ್ಣಿಸಿದರು. ಡಾಕ್ಟರು ಎಂಜಲು ನುಂಗಿದರು.

"ನಾವಿಬ್ಬರೂ ಊಟ ಬಿಟ್ಟು ಓಡಿ ಬಂದಿದ್ದೀವಿ. ಎಲ್ಲಿ ಅಂದ್ರಿ ಆ ಆಂಟಿ?"

ಕಾರು ತಿರುಗಿತು. ಡೇರೆಯ ಮುಂದೆ ನಿಂತಿದ್ದೇ ತಡ, ಮೂರ್ತಿಗಳು ಬಾಗಿಲಿಗೆ ಕೈ ಹಾಕಿದರು.

"ನೀವೆಲ್ಲಿಗೆ? ಕೂತ್ಕೊಳ್ಳಿ!" ಎಂದರು ರಾಜಲಕ್ಷ್ಮಿ, ಇಳಿಯುತ್ತ. "ಎಸಿ ಆನ್ ಇದೆ. ಕಿಟಕಿ ಮಾತ್ರ ತೆಗೀಬೇಡಿ. ನಿಮಗೆ ವಾಸನೆಗೇ ಏರಿಬಿಡತ್ತೆ!"