ಪ್ರಥಮಾ ವಿಭಕ್ತಿಯ ನಿರ್ದೇಶಕರು

ಅಹಮದಾಬಾದಿನ ವಲಸೆ ಪತ್ರ ಅಧ್ಯಯನ ಕೇಂದ್ರದ ನಿಯಮಾವಳಿಯ ಪ್ರಕಾರ ಪುಟದ ಅಂಚನ್ನು ಮೀರುವ ಹಕ್ಕು ಯಾವ ಅಕ್ಷರಕ್ಕೂ ಇರುವುದಿಲ್ಲ. ಈ ನಿಯಮವನ್ನು ಮೊಟ್ಟಮೊದಲು ಮುರಿದವರು ನಿರ್ದೇಶಕರೇ. ಅದೂ ನಾಲ್ಕು ಮಿಲಿಮೀಟರಿನಷ್ಟು.

ಸಹಾಯಕ ಸಂಪಾದಕಿ ಶಾಂತಾ ಆರು ವರ್ಷ ಊರಂಚಿನ ಬೋಪಾಲ್ ಬಡಾವಣೆಯಿಂದ ಸ್ಕೂಟರಿನಲ್ಲಿ ಓಡಾಡಿ ಒಂದು ಗ್ರಂಥ ಸಿದ್ಧಪಡಿಸಿದ್ದಳು: ಉಡುಪಿ ಕಡೆಯಿಂದ ಸೂರತ್, ವಡೋದರಾಗಳಿಗೆ ಬಂದು ಹೋಟೆಲು ಹಾಕಿದವರು ಮನೆಗೆ ಬರೆದ ಮುನ್ನೂರು ಪತ್ರಗಳು, ಅಡಿಟಿಪ್ಪಣಿ ಸಮೇತ. ಪುಟ ಜೋಡಿಸಲು ಆಕೆ ಬಳಸಿದ್ದು ಮುಕ್ತ ತಂತ್ರಾಂಶ. ಯಾವ್ಯಾವುದೋ ದೇಶದ ಪುಣ್ಯಾತ್ಮರು ಸೇರಿ ಬರೆದದ್ದು. ಯಾರು ಬೇಕಾದರೂ ಬಳಸಬಹುದು. ಅದು ಮುನ್ನೂರು ಪತ್ರಗಳನ್ನೂ ತುಟಿಪಿಟಕ್ಕೆನ್ನದೆ ಜೋಡಿಸಿ, ಮುನ್ನುಡಿಗೆ ಬಂದಾಗ ಮಾತ್ರ ತಕರಾರು ತೆಗೆಯಿತು: "ಎಚ್ಚರಿಕೆ! ಸಾಲು ಅಂಚು ಮೀರಿದೆ."

ಸಾಲು ಹೀಗಿತ್ತು: "ಈ ಗ್ರಂಥ ಸಾಧ್ಯವಾದದ್ದು ಹಯವದನೋಪಾಧ್ಯಾಯರವರಿಂದಲೇ."

ಎಚ್ಚರಿಕೆ ಇರುವ ಕಡತಕ್ಕೆ ನಿರ್ದೇಶಕರು ಸಹಿ ಹಾಕುವಂತಿಲ್ಲ. ನಿರ್ದೇಶಕರಿಂದ ಸಹಿಯಾಗದೆ ಗ್ರಂಥ ಅಚ್ಚಿಗೆ ಹೋಗುವಂತಿಲ್ಲ. ತಿಂಗಳ ಕೊನೆಗೆ ಶಾಂತಾಳಿಗೆ ಗುವಾಹಟಿಗೆ ವರ್ಗವಾಗಿತ್ತು. ಅಷ್ಟರೊಳಗೆ ಅಚ್ಚಾಗದಿದ್ದರೆ ಆರು ವರ್ಷದ ಕೆಲಸ ಕಪಾಟು ಸೇರುತ್ತಿತ್ತು.

"ಎಂತ ಮೇಡಂ, ನನಗೇ ಎಚ್ಚರಿಕೆ ಕೊಡ್ತದಾ ಅದು?" ಎಂದರು ನಿರ್ದೇಶಕ ಹಯವದನೋಪಾಧ್ಯಾಯರು. "ಅದರ ಮಾಲೀಕ ಯಾರು? ಕರೆಸಿ."

"ಮಾಲೀಕರು ಅಂತ ಒಬ್ಬರಿಲ್ಲ ಸಾರ್. ಅದು ಎಲ್ಲರದ್ದೂ."

"ಹಾಗಾದ್ರೆ ಎಲ್ಲರನ್ನೂ ಕರೆಸಿ."

ಸಭಾಂಗಣದಲ್ಲಿ ನಲವತ್ತೇ ಕುರ್ಚಿಗಳಿದ್ದುದರಿಂದ ಆ ಪ್ರಸ್ತಾಪವನ್ನು ಕೈಬಿಡಲಾಯಿತು.

ಪದವನ್ನು ಕೆಳಗಿನ ಸಾಲಿಗೆ ಇಳಿಸೋಣವೇ ಎಂದು ಶಾಂತಾ ಕೇಳಿದಳು. ನಿರ್ದೇಶಕರನ್ನು ಕೆಳಗಿಳಿಸಲು ದೆಹಲಿಯಿಂದ ಆದೇಶ ಬರಬೇಕಿತ್ತು. ಕೊನೆಗೆ ಹೆಸರನ್ನೇ ಎರಡು ಸಾಲಿಗೆ ಒಡೆದು ತೋರಿಸಿದಳು. ಮೇಲೆ "ಹಯವದನೋ" ಉಳಿಯಿತು, ಬೀದಿಯಲ್ಲಿ ನಿಂತು ಯಾರೋ ಕೂಗಿದ ಹಾಗೆ. ಉಳಿದ "ಪಾಧ್ಯಾಯ" ಕೆಳಗೆ ಬಿದ್ದಿತ್ತು. ನಿರ್ದೇಶಕರು ಹಾಳೆಯನ್ನು ಮಗುಚಿಟ್ಟರು.

ಆಡಳಿತಾಧಿಕಾರಿ ಪ್ರಮೋದ್ ಹಿಂದೆ ಸೂರತ್ ಬಳಿಯ ಹಜೀರಾದ ಕಂಪನಿ ಕಾಲೊನಿಯೊಂದರಲ್ಲಿ ಒತ್ತುವರಿ ತೆರವು ಮಾಡಿಸುತ್ತಿದ್ದವರು. ಸ್ಕೇಲು ತಂದು ಪುಟ ಅಳೆದರು.

"ಹೆಸರು ಗಡಿಯ ಒಳಗೇ ಇದೆ. ಒತ್ತುವರಿ ಮಾಡಿರೋದು 'ಅವರಿಂದಲೇ' ಅನ್ನೋ ಬಾಲ. ಅದನ್ನ ತೆರವು ಮಾಡಿ."

"ಬಾಲ ತೆಗೆದರೆ ಗ್ರಂಥ ಸಾರ್‌ ಅವರಿಂದ ಆಗಿದ್ದು ಅಂತ ಆಗಲ್ಲವಲ್ಲ?"

"ಅವರಿಂದ ಆಗಿದ್ದಾ?"

ಶಾಂತಾ ಪೆನ್ನಿನ ಮುಚ್ಚಳ ತೆಗೆದಳು.

ಮಧ್ಯಾಹ್ನವೇ ಪ್ರಮೋದ್ ಅವರ ಸುತ್ತೋಲೆ ಹೊರಟಿತು: "ಮಾನ್ಯ ನಿರ್ದೇಶಕರನ್ನು ಪುಟದಲ್ಲೂ ಕಚೇರಿಯಲ್ಲೂ ಬಾಲವಿಲ್ಲದ ಪ್ರಥಮಾ ವಿಭಕ್ತಿಯಲ್ಲಿ ಮಾತ್ರ ಬಳಸತಕ್ಕದ್ದು." ಅದರಲ್ಲೇ 'ನಿರ್ದೇಶಕರನ್ನು' ಎಂಬ ದ್ವಿತೀಯಾ ನುಸುಳಿದ್ದು ಗಮನಕ್ಕೆ ಬಂದು ಸಂಜೆ ತಿದ್ದುಪಡಿಯಾಯಿತು: "ಮಾನ್ಯ ನಿರ್ದೇಶಕರು ಪ್ರಥಮಾ ವಿಭಕ್ತಿಯಲ್ಲಿ ಮಾತ್ರ ಇರತಕ್ಕದ್ದು."

ಶಾಂತಾ ಮುನ್ನುಡಿ ತಿದ್ದಿದಳು: "ಈ ಗ್ರಂಥ ಸಿದ್ಧವಾಗುವಾಗ ಹಯವದನೋಪಾಧ್ಯಾಯರು ಇದ್ದರು." ತಂತ್ರಾಂಶ ಚಕಾರವೆತ್ತಲಿಲ್ಲ. ಇನ್ನು ಸಹಿ. ನಿರ್ದೇಶಕರಿಗೆ ಕಡತ ಕಳಿಸುವಂತಿರಲಿಲ್ಲ, ನಿರ್ದೇಶಕರಿಂದ ಸಹಿ ಪಡೆಯುವಂತೆಯೂ ಇರಲಿಲ್ಲ. ಎರಡೂ ನಿಷಿದ್ಧ ವಿಭಕ್ತಿಗಳು. ಕಡತ ನೇರ ಅಚ್ಚಿಗೆ ಹೋಯಿತು. ಆ ವಾರ ಇನ್ನೂ ಹನ್ನೊಂದು ಹಳೆಯ ಕಡತಗಳು ಹಾಗೆಯೇ ವಿಲೇವಾರಿಯಾದವು.

ಹೊರಡುವ ಮುನ್ನ ಶಾಂತಾ ಅಳುಕುತ್ತಲೇ ಪುಸ್ತಕ ಹಿಡಿದು ಹೋದಳು. ಕೊಡುವುದು ಚತುರ್ಥಿಯಾಗುತ್ತದೆಂದು ಅದನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತಳು. ನಿರ್ದೇಶಕರು ತೆರೆದರು. ಓದಿದರು. "ಚಂದ ಉಂಟು" ಎಂದರು. ಈಗ ಅವರು ಹನ್ನೊಂದಕ್ಕೆ ಬರುತ್ತಾರೆ, ಕೂರುತ್ತಾರೆ, ಐದಕ್ಕೆ ಹೋಗುತ್ತಾರೆ. ರಕ್ತದೊತ್ತಡ ಇಳಿದಿದೆಯಂತೆ.

ವಡೋದರಾ, ಸೂರತ್ ಶಾಖೆಗಳ ಮುಖ್ಯಸ್ಥರು ತಮಗೂ ಇದೇ ಸೌಲಭ್ಯ ಬೇಕೆಂದು ಅರ್ಜಿ ಹಾಕಿದರು. ಮೇಲೆ "ನಿರ್ದೇಶಕರಿಗೆ" ಎಂದಿದ್ದ ಕಾರಣ ಪ್ರಮೋದ್ ಎರಡನ್ನೂ ವಾಪಸು ಕಳಿಸಿದ್ದಾರೆ. ವ್ಯಾಕರಣ ಸರಿಪಡಿಸಿ ಮತ್ತೆ ಸಲ್ಲಿಸಲು ಇಬ್ಬರೂ ಒಪ್ಪಿದ್ದಾರೆ.